ನೆಪವಿಲ್ಲದ ಸೋಲು

ಈ ದರ್ಜಿಗೆ ಹೆತ್ತವರು ಇಟ್ಟ ಹೆಸರು ಬೇರೆ, ಬಾಳಿಗೆ ಅಂಟಿಕೊಂಡದ್ದು ಅತ್ತೆ ಇಟ್ಟ ಹೆಸರು: ನಿಧಾನಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದು ದಿಂಬಿನ ಗವುಸು ಹೊಲಿಯಲು ಕೊಟ್ಟಿದ್ದರಂತೆ. ಬೆಳಿಗ್ಗೆ ಕೂತ ಸೊಸೆ ಮಧ್ಯಾಹ್ನದ ಊಟಕ್ಕೂ ಎದ್ದಿರಲಿಲ್ಲ. ಹೊಲಿಗೆ ಒಂದೆಳೆ ಸೊಟ್ಟ ಹೋಯಿತೆಂದು ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚುತ್ತಿದ್ದಳು. "ನಮ್ಮನೆಗೆ ನಿಧಾನಿ ಬಂದ್ಲು ನೋಡ್ರಪ್ಪಾ" ಎಂದು ಅತ್ತೆ ನಕ್ಕರು. ಮಾವ ನಕ್ಕರು, ಗಂಡ ನಕ್ಕ, ಆಗಿನ್ನೂ ಮೀಸೆ ಮೂಡದ ಮೈದುನನೂ ನಕ್ಕ. ಆ ಗವುಸು ಇವತ್ತಿಗೂ ಹರಿದಿಲ್ಲ. ಆ ಸಂಗತಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಮನೆ ಎರಡು ಮಹಡಿಯದು. ಕೆಳಗೆ ದರ್ಜಿ ಮತ್ತು ಅವಳ ಗಂಡ, ಬಸ್ಸುಗಳ ಮೆಕ್ಯಾನಿಕ್. ಮೇಲೆ ಮೈದುನ, ಅವನ ಹೆಂಡತಿ, ಮತ್ತು ಮೊಣಕಾಲು ನೋವೆಂದು ಮೆಟ್ಟಿಲು ಇಳಿಯುವುದನ್ನೇ ಬಿಟ್ಟ ಅತ್ತೆ. ಕೆಳಗಿನ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಗೋಡೆಯುದ್ದಕ್ಕೂ ನೀಲಿ, ಬೂದು, ಕಂದು ಬಟ್ಟೆಯ ಥಾನುಗಳು, ಮೂಲೆಯಲ್ಲಿ ಇಸ್ತ್ರಿ ಮೇಜು, ಮೆಟ್ಟಿಲಿಗೆ ಬೆನ್ನು ಮಾಡಿ ಕೂರುವಂತೆ ಇಟ್ಟ ಹೊಲಿಗೆ ಯಂತ್ರ. ಅವಳು ಹೊಲಿಯುವುದು ಶಾಲೆಯ ಸಮವಸ್ತ್ರ. ಅವಳು ಹೊಲಿದ ಚಡ್ಡಿಯನ್ನು ಅಣ್ಣ ಹಾಕಿ, ತಮ್ಮ ಹಾಕಿ, ಚಿಕ್ಕಪ್ಪನ ಮಗನೂ ಹಾಕಿದ ಮೇಲೂ ಅಂಚು ಬಿಡುವುದಿಲ್ಲ.

ಶಾಲೆ ಶುರುವಾಗಿ ಕೆಲವು ವಾರ ಕಳೆದರೆ ಈ ಕೆಲಸ ತಣ್ಣಗಾಗುತ್ತದೆ. ಅಂಥ ಒಂದು ಖಾಲಿ ಮಧ್ಯಾಹ್ನ, ಮಾತಿಗೊಮ್ಮೆ ತನಗೆ ಫೋನ್ ಮಾಡುವ ಹೆಂಡತಿಯ ಕಾಟ ತಪ್ಪಲೆಂದು ಗಂಡ ಅವಳ ಫೋನಿಗೆ ಒಂದು ಆಟ ಹಾಕಿಕೊಟ್ಟ. ಐದು ಜನರ ತಂಡ, ಎದುರಿಗೆ ಇನ್ನೈದು ಜನರ ತಂಡ, ಪಾಳು ಬಿದ್ದ ಒಂದು ಕಾರ್ಖಾನೆ, ಎಲ್ಲರ ಕೈಯಲ್ಲೂ ಬಂದೂಕು. ಮೊದಲ ವಾರ ಅವಳು ಸುಮ್ಮನೆ ಸತ್ತಳು. ಎರಡನೇ ವಾರ ಅವಳಿಗೊಂದು ವಿಷಯ ಹೊಳೆಯಿತು. ಗುರಿ ಇಡುವುದೂ ಸೂಜಿಗೆ ದಾರ ಪೋಣಿಸುವುದೂ ಒಂದೇ ಕೆಲಸ: ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ಕೈ ಅಲುಗದಂತೆ ಕಾಯಬೇಕು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅವಳ ತಂಡದವರು ಅವಳ ಮುಖ ನೋಡಿದವರಲ್ಲ. ಕ್ಯಾಪ್ಟನ್ ಎಲ್ಲೋ ಔಷಧಿ ಅಂಗಡಿ ನಡೆಸುವ ಗಡಸು ದನಿಯ ಹೆಂಗಸು. ಅವರೆಲ್ಲರಿಗೂ ಇವಳು 'ಸೂಜಿ'. "ಸೂಜಿ ಇದ್ದಾಳೆ, ಹೆದರಬೇಡ್ರೋ" ಎಂದು ಕ್ಯಾಪ್ಟನ್ ಕೂಗುವುದು ಇಯರ್‌ಫೋನಿನಲ್ಲಿ ಕೇಳಿದರೆ ದರ್ಜಿಗೆ ಮೈಯೆಲ್ಲ ಹಗುರ. ಲೋಕದಲ್ಲಿ ಅವಳನ್ನು ನಿಧಾನಿ ಎನ್ನದ ಜಾಗ ಅದೊಂದೇ.

ಆ ಜಾಗವನ್ನೇ ವಾರಗಿತ್ತಿ ಕಿತ್ತುಕೊಂಡಳು.

ವಾರಗಿತ್ತಿ ಎಂದರೆ ಮೈದುನನ ಹೆಂಡತಿ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಬೆರಳೂ ಚುರುಕು, ನಾಲಗೆಯೂ ಚುರುಕು. ಮಧ್ಯಾಹ್ನ ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು, "ಅಕ್ಕಾ, ನಂಗೂ ಹೇಳಿಕೊಡಿ" ಎಂದಿದ್ದಳು. ಅಕ್ಕ ಹೇಳಿಕೊಟ್ಟಳು. ಎಲ್ಲಿ ಅಡಗಬೇಕು, ಯಾವ ಕಿಟಕಿಯಿಂದ ಇಣುಕಬೇಕು, ಕೊನೆಗೆ ಕ್ಯಾಪ್ಟನ್‌ಗೆ ಪರಿಚಯವನ್ನೂ ಮಾಡಿಸಿ, ಯಾರಾದರೂ ಬರದಿದ್ದಾಗ ಆಡಲು ಹೆಚ್ಚುವರಿಯವಳಾಗಿ ಸೇರಿಸಿದಳು.

ಅಷ್ಟರಲ್ಲಿ ವೈಫೈ ಕೈಕೊಡಲು ಶುರುವಾಯಿತು. ವೈಫೈ ಡಬ್ಬಿ ಇರುವುದು ಮೇಲೆ, ವಾರಗಿತ್ತಿಯ ಹಾಲಿನಲ್ಲಿ, ಟೀವಿಯ ಹಿಂದೆ. ಕಂಬದಿಂದ ವೈರು ಎಳೆಯಲು ಮೇಲಿನ ಕಿಟಕಿ ಹತ್ತಿರವಾಯಿತೆಂದು ಕೇಬಲಿನವನು ಅಲ್ಲೇ ಕೂರಿಸಿ ಹೋಗಿದ್ದ. ಇಷ್ಟು ದಿನ ಕೆಳಗೂ ಚೆನ್ನಾಗಿಯೇ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಹದಗೆಟ್ಟಿತು. ದರ್ಜಿ ಗುರಿ ಇಟ್ಟು ಗುಂಡು ಹಾರಿಸುತ್ತಾಳೆ, ಪರದೆ ಹಾಗೆಯೇ ಕಲ್ಲಾಗುತ್ತದೆ, ಜೀವ ಬಂದು ನೋಡಿದರೆ ಇವಳೇ ನೆಲಕ್ಕೆ ಬಿದ್ದಿರುತ್ತಾಳೆ. ದೊಡ್ಡ ಪಂದ್ಯದ ದಿನವೂ ಹೀಗೆಯೇ ಆಗಿ ತಂಡ ಸೋತಿತು. "ಲೈನ್ ಸರಿ ಇಲ್ಲ ಮೇಡಂ" ಎಂದು ಅವಳು ಹೇಳುತ್ತಿರುವಾಗಲೇ, ಅದೇ ಇಯರ್‌ಫೋನಿನಲ್ಲಿ ವಾರಗಿತ್ತಿಯ ದನಿ ಬಂತು.

"ಲೈನ್ ಅಂತ ನೆಪ ಅಷ್ಟೇ ಮೇಡಂ. ನಮ್ಮಕ್ಕ ಸ್ವಲ್ಪ ನಿಧಾನ. ಮನೇಲಿ ಅವರನ್ನ ನಿಧಾನಿ ಅಂತಾನೇ ಕರೆಯೋದು."

ತಂಡವೆಲ್ಲ ಗೊಳ್ಳೆಂದು ನಕ್ಕಿತು. ಮರುದಿನ ಸೂಜಿಯ ಜಾಗದಲ್ಲಿ ವಾರಗಿತ್ತಿ ಆಡಿದಳು.

ದರ್ಜಿ ಅಳಲಿಲ್ಲ. ಕತ್ತರಿ ಹಿಡಿದು ಕೂತು, ಬೇಡದ ಚಿಂದಿಯನ್ನೆಲ್ಲ ಇನ್ನಷ್ಟು ಚಿಂದಿ ಮಾಡಿದಳು. ಬರೀ ಜಾಗ ಹೋಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಆ ಹೆಸರನ್ನು ವಾರಗಿತ್ತಿ ಮೆಟ್ಟಿಲಿಳಿಸಿ, ಮನೆ ದಾಟಿಸಿ, ಅದು ತಲುಪಿರದ ಒಂದೇ ಒಂದು ಜಾಗಕ್ಕೆ ತಂದು ಸುರಿದಳಲ್ಲ, ಅದನ್ನು ಮಾತ್ರ ಅವಳು ಕ್ಷಮಿಸಲಾರದೆ ಹೋದಳು. ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಅವಳು ಹಾಕಿದ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ.

"ನಿಮ್ಮ ತಮ್ಮನ ಹೆಂಡ್ತಿ ಮೇಲ್ಗಡೆ ಏನೋ ಕಿತಾಪತಿ ಮಾಡ್ತಿದಾಳೆ" ಎಂದಳು ಗಂಡನಿಗೆ. "ಬೇಕೂಂತಲೇ ನನ್ನ ಲೈನ್ ಕೆಡಿಸಿದಾಳೆ."

"ಅವಳ್ಯಾಕೆ ಕೆಡಿಸ್ತಾಳೆ? ಇಂಜಿನ್ ಕೆಮ್ಮಿದ್ರೆ ಎದುರು ಮನೆಯವ್ರನ್ನ ಬೈತಾರೇನೇ? ಎಲ್ಲಿ ಕೆಟ್ಟಿದೆ ಅಂತ ಮೊದ್ಲು ಹುಡುಕು."

ಹುಡುಕಲು ಅವಳಿಗೆ ನೆಪ ಬೇಕಿತ್ತು. ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಕಿಟಕಿ ಪರದೆಗೆ ಅಳತೆ ತೆಗೆಯುತ್ತೇನೆಂದು ಮೇಲೆ ಹೋದಳು. ಡಬ್ಬಿ ಟೀವಿಯ ಹಿಂದೆ ಧೂಳು ಹೊದ್ದುಕೊಂಡು, ಮೊದಲಿದ್ದಲ್ಲೇ ಇತ್ತು. ಯಾರೂ ಕೈ ಹಚ್ಚಿದ ಗುರುತಿಲ್ಲ. ಇದು ಅವಳಿಗೆ ಬಹಳ ಬೇಸರ ತಂದಿತು. ಕೆಳಗೆ ಬಂದು ಕೇಬಲಿನವನಿಗೆ ಫೋನ್ ಹಚ್ಚಿದಳು. ಆಟ ಆಡುವಾಗ ಮೂಲೆಯಲ್ಲಿ ಪಿಂಗ್ ಎಂದು ಒಂದು ಅಂಕಿ ಬರುತ್ತದೆ, ನೀವು ಒತ್ತಿದ ಸುದ್ದಿ ಆಚೆ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತು ಅದು, ಚಿಕ್ಕದಿದ್ದಷ್ಟೂ ಒಳ್ಳೆಯದು, ಅದನ್ನು ನೋಡುತ್ತಾ ಡಬ್ಬಿಯ ಹತ್ತಿರದಿಂದ ನಿಮ್ಮ ಕುರ್ಚಿಯವರೆಗೆ ನಡೆದು ಬನ್ನಿ ಎಂದು ಅವನು ಹೇಳಿಕೊಟ್ಟ.

ಫೋನನ್ನು ತುಂಬಿದ ಬಟ್ಟಲಿನಂತೆ ಎರಡೂ ಕೈಯಲ್ಲಿ ಹಿಡಿದು ಅವಳು ನಡೆದಳು. ಮೇಲಿನ ಹಾಲಿನಲ್ಲಿ ಅಂಕಿ ಚಿಕ್ಕದು. ಮೆಟ್ಟಿಲ ಮೇಲೆ ಚಿಕ್ಕದು. ಮೆಟ್ಟಿಲ ಬುಡದಲ್ಲೂ ಪರವಾಗಿಲ್ಲ. ಅಂಗಡಿಯೊಳಗೆ ಬಂದು ಕುರ್ಚಿಯಲ್ಲಿ ಕೂತದ್ದೇ ಅಂಕಿ ಹುಚ್ಚು ಹಿಡಿದಂತೆ ಮೇಲೇರಿತು. ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಹೋದಳು, ಇಳಿಯಿತು. ಮತ್ತೆ ಕೂತಳು, ಏರಿತು. ಕುರ್ಚಿಗೂ ಮೆಟ್ಟಿಲಿಗೂ ನಡುವೆ ಏನಿದೆ ಎಂದು ತಿರುಗಿ ನೋಡಿದರೆ, ಅವಳ ಮುಖವೇ ಅವಳನ್ನು ನೋಡುತ್ತಿತ್ತು.

ಕನ್ನಡಿ! ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳಲೆಂದು ಈಚೆಗಷ್ಟೇ ತಂದ ಆಳೆತ್ತರದ ಕನ್ನಡಿ, ಹಿಂದೆ ತಗಡು ಬಡಿದದ್ದು. ಮೆಟ್ಟಿಲ ಕಡೆಯ ಗೋಡೆಗೆ, ಸರಿಯಾಗಿ ಅವಳ ಬೆನ್ನಿಗೆ. ವೈಫೈ ಮೇಲಿಂದ ಇಳಿದು ಬಂದು ಆ ತಗಡಿಗೆ ಹಣೆ ಚಚ್ಚಿಕೊಂಡು ವಾಪಸ್ ಹೋಗುತ್ತಿತ್ತು.

ಯಾರಾದರೂ ಒಳ್ಳೆಯ ಹೆಂಗಸಾಗಿದ್ದರೆ, ಅಯ್ಯೋ ಸುಮ್ಮನೆ ಅವಳನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೊಳ್ಳುತ್ತಿದ್ದಳು. ದರ್ಜಿ ಕುರ್ಚಿಯಲ್ಲಿ ಕೂತು ಯೋಚಿಸಿದಳು. ಈ ಕನ್ನಡಿ ಯಾಕೆ ಬಂತು? ಒಂದು ದಿನ ಗಿರಾಕಿಗಳ ಎದುರಿಗೇ ವಾರಗಿತ್ತಿ, "ಅಕ್ಕನ ಅಂಗಡೀಲಿ ಮುಖ ನೋಡ್ಕೊಳ್ಳೋಕೂ ಒಂದು ಗತಿ ಇಲ್ಲ" ಎಂದು ನಕ್ಕಿದ್ದಳು. ಆ ಉರಿಗೆ ದರ್ಜಿ ಮರುದಿನವೇ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನೇ ಹೊರಿಸಿಕೊಂಡು ಬಂದಿದ್ದಳು. ಅವಳು ಆ ಮಾತು ಆಡದಿದ್ದರೆ ಕನ್ನಡಿ ಬರುತ್ತಿತ್ತೇ? ಕನ್ನಡಿ ಬರದಿದ್ದರೆ ಲೈನ್ ಕೆಡುತ್ತಿತ್ತೇ? ಹಾಗಾದರೆ ತಪ್ಪು ಯಾರದು? ಲೆಕ್ಕ ಸರಿಯಾಗಿ ಕೂತಿತು. ಅವಳಿಗೆ ಎಷ್ಟೋ ಸಮಾಧಾನವಾಯಿತು.

ಕನ್ನಡಿ ಎದುರು ಗೋಡೆಗೆ ಹೋಯಿತು. ಸಾಲದೆಂದು ಕೇಬಲಿನವನನ್ನು ಕರೆಸಿ, ಮೇಲಿಂದ ಮೆಟ್ಟಿಲ ಅಂಚಿಗುಂಟ ವೈರು ಇಳಿಸಿ, ಹೊಲಿಗೆ ಯಂತ್ರದ ಪಕ್ಕದಲ್ಲೇ ಇನ್ನೊಂದು ಡಬ್ಬಿ ಹಾಕಿಸಿದಳು. ಅವನು ವೈರಿಗೆ ಮೊಳೆ ಹೊಡೆದ ರೀತಿ ಹಿಡಿಸದೆ, ಅವನು ಹೋದ ಮೇಲೆ ಎಲ್ಲವನ್ನೂ ಕಿತ್ತು ನೇರ ಗೆರೆಯಲ್ಲಿ ಮತ್ತೆ ಹೊಡೆದಳು. ಹೋಗುವ ಮುಂಚೆ ಅವನು ಇನ್ನೊಂದನ್ನು ತೋರಿಸಿದ್ದ. ಸಂಪರ್ಕ ದರ್ಜಿಯ ಹೆಸರಿನಲ್ಲೇ ಇದ್ದದ್ದರಿಂದ, ಮನೆಯಲ್ಲಿ ಯಾವ ಫೋನಿಗೆ ಎಷ್ಟು ವೇಗ ಕೊಡಬೇಕೆಂದು ಇವಳ ಫೋನಿನಿಂದಲೇ ಗೊತ್ತು ಮಾಡಬಹುದು. ಬೆರಳಿನಲ್ಲಿ ಒಂದು ಗೆರೆಯನ್ನು ಅತ್ತ ಎಳೆದರೆ ಹೆಚ್ಚು, ಇತ್ತ ಎಳೆದರೆ ಕಡಿಮೆ.

ಅವನು ಗೇಟು ದಾಟುವುದರೊಳಗೆ ಅವಳು ವಾರಗಿತ್ತಿಯ ಫೋನಿನ ಗೆರೆಯನ್ನು ಇತ್ತ ಎಳೆದಳು. ಪೂರ್ತಿ ಅಲ್ಲ. ಪೂರ್ತಿ ಎಳೆದರೆ ಗೊತ್ತಾಗಿಬಿಡುತ್ತದೆ. ಉಸಿರು ಕಟ್ಟುವಷ್ಟು, ಆದರೆ ಸಾಯದಷ್ಟು.

ಆ ಮಧ್ಯಾಹ್ನ ಮೇಲಿನಿಂದ ಬಂದ ಸದ್ದುಗಳು ಅವಳ ಕಿವಿಗೆ ಜೇನು. "ಅಯ್ಯೋ!" ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಅಯ್ಯಯ್ಯೋ!" ಆಮೇಲೆ ಸೋಫಾದ ಮೇಲೆ ಫೋನ್ ಎಸೆದ ಸದ್ದು. ದರ್ಜಿ ಕಾಲರಿಗೆ ಕಾಜಾ ಹಾಕುತ್ತಾ ಒಬ್ಬಳೇ ನಗುತ್ತಿದ್ದಳು. ವಾರವಿಡೀ ಹೀಗೆ ನಡೆಯಿತು. ವಾರದ ಕೊನೆಗೆ ವಾರಗಿತ್ತಿ ಮೆಟ್ಟಿಲಿಳಿದು ಬಂದಳು. ಮುಖ ಸಪ್ಪಗಿರಬೇಕಿತ್ತು. ಇರಲಿಲ್ಲ.

"ಅಕ್ಕಾ, ಲೈನ್ ಏನೋ ಆಗಿದೆ ಕಣ್ರೀ. ತಂಡ ನಾಲ್ಕು ಆಟ ಸೋತುಬಿಡ್ತು."

"ಹೌದಾ? ಕ್ಯಾಪ್ಟನ್ ಬೈದ್ರಾ?"

"ಬೈದ್ರು. ನಾನೂ ಹೇಳ್ದೆ, ನಂದೇನೂ ತಪ್ಪಿಲ್ಲ, ಲೈನ್ ಸರಿ ಇದ್ದಿದ್ರೆ ಒಬ್ಬೊಬ್ರನ್ನೂ ಹೊಡೆದು ಮಲಗಿಸ್ತಿದ್ದೆ ಅಂತ. ಹೋಗ್ಲಿ ಬಿಡಿ, ಲೈನಿನ ಸೋಲು ಸೋಲೇನು?" ಎಂದು ಕೈ ಕೊಡವಿ, ಹೊಸ ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಂಡು ಮೇಲೆ ಹೋದಳು.

ದರ್ಜಿಯ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ವಾರವಿಡೀ ತಾನು ಮಾಡಿದ್ದೇನು? ಶತ್ರುವಿಗೆ ಸೋಲನ್ನು ಕೊಟ್ಟು, ಅದರ ಜೊತೆಗೇ ಹಾಸಿಗೆ ದಿಂಬನ್ನೂ ಕೊಟ್ಟಿದ್ದಳು! ಸೋತವಳಿಗೆ ನೆಪವೊಂದು ಸಿಕ್ಕರೆ ಅವಳು ಹಾಯಾಗಿ ನಿದ್ದೆ ಮಾಡುತ್ತಾಳೆ. ತನಗಾದರೋ ನಿಜವಾದ ಕಾರಣವನ್ನೇ ನೆಪವೆಂದು ಹೇಳಿ ನಕ್ಕಿದ್ದರು. ಇಲ್ಲ, ಇದು ಸಾಲದು. ವಾರಗಿತ್ತಿ ಸೋಲಬೇಕು, ಸೋತಾಗ ಅವಳಿಗೆ ಹಿಡಿದುಕೊಳ್ಳಲು ಒಂದು ನೆಪವೂ ಸಿಗಬಾರದು. ಅವಳ ಬೆರಳು, ಅವಳ ಕಣ್ಣು, ಅವಳು, ಅಷ್ಟೇ ಉಳಿಯಬೇಕು.

ಹೀಗೆ ಬರೀ ಹಗೆಯಿಂದ ದರ್ಜಿ ತನ್ನ ಶತ್ರುವಿನ ವೈಫೈ ರಿಪೇರಿಗೆ ನಿಂತಳು.

ಮೊದಲು ಗೆರೆಯನ್ನು ವಾಪಸ್ ಎಳೆದು ವೇಗ ಪೂರ್ತಿ ಬಿಟ್ಟಳು. ಆಮೇಲೆ ಮೇಲೆ ಹೋಗಿ ಡಬ್ಬಿಯನ್ನು ಟೀವಿಯ ಹಿಂದಿನಿಂದ ಎಳೆದು, ಧೂಳು ಒರೆಸಿ, ಎತ್ತರದ ತೆರೆದ ಶೆಲ್ಫಿನ ಮೇಲೆ ಇಟ್ಟಳು. ಆದರೂ ಆಗಾಗ ಅಂಕಿ ಕುಣಿಯುತ್ತಿತ್ತು. ಯಾವಾಗ ಕುಣಿಯುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅತ್ತೆ ಎದ್ದು ಹೋಗಿ ಮೈಕ್ರೋವೇವಿನಲ್ಲಿ ಹಾಲು ಬಿಸಿಗಿಟ್ಟಾಗ ಕುಣಿಯಿತು. ಹಾಲು ಬಿಸಿಯಾಗಿ ಗಂಟೆ ಹೊಡೆದಾಗ ತಣ್ಣಗಾಯಿತು. ಮೈಕ್ರೋವೇವ್ ಅಡುಗೆಮನೆಯ ಆಚೆ ಮೂಲೆಗೆ ಹೋಯಿತು.

"ನನ್ನ ಹಾಲಿಗೂ ನಿಮ್ಮ ಆಟಕ್ಕೂ ಏನೇ ಸಂಬಂಧ?" ಎಂದು ಅತ್ತೆ ಗೊಣಗಿದರು. "ಅಲ್ಲಿಗಂಟ ನಡೀಬೇಕಲ್ಲ ನಾನು."

"ನಡೆದ್ರೆ ಮೊಣಕಾಲಿಗೆ ಒಳ್ಳೇದು ಅತ್ತೆ."

ಕೊನೆಗೆ ವಾರಗಿತ್ತಿಯ ಫೋನನ್ನು ತಾನೇ ಈಸಿಕೊಂಡು, ಡಬ್ಬಿ ಬಿಡುವ ಎರಡು ವೈಫೈಗಳಲ್ಲಿ ವೇಗದ್ದು ಯಾವುದೋ, ಮೈಕ್ರೋವೇವಿನ ಕಾಟ ಇಲ್ಲದ್ದು ಯಾವುದೋ, ಅದಕ್ಕೆ ಜೋಡಿಸಿಕೊಟ್ಟಳು. ಅಂಕಿ ಇಳಿದು, ನೀರು ನಿಂತ ಹಾಗೆ ನಿಂತಿತು.

ವಾರಗಿತ್ತಿಯ ಕಣ್ಣು ತುಂಬಿ ಬಂತು. "ಅಕ್ಕಾ, ನಾನು ಅವತ್ತು ಅಷ್ಟು ದೊಡ್ಡ ಮಾತಾಡಿದ್ರೂ ನೀವು ನಂಗೋಸ್ಕರ ಇಷ್ಟೆಲ್ಲ ಮಾಡಿದ್ರಲ್ಲ."

"ಅದಕ್ಕೇನಂತೆ, ಮಾಡ್ಲೇಬೇಕಲ್ಲ" ಎಂದಳು ದರ್ಜಿ, ಹಲ್ಲು ಕಚ್ಚಿಕೊಂಡು.

ಮನೆಯಲ್ಲಿ ಎಲ್ಲರಿಗೂ ಸಂತೋಷವೋ ಸಂತೋಷ. "ನಮ್ಮ ಅತ್ತಿಗೆ ಮನಸ್ಸು ಬಂಗಾರ" ಎಂದು ಮೈದುನ ಹೇಳಿಕೊಂಡು ತಿರುಗಿದ. ಗಂಡ ಮಾತ್ರ, ಅಷ್ಟು ವರ್ಷ ಜೊತೆಗಿದ್ದವನು, ಊಟ ಮಾಡುತ್ತಾ ಅವಳ ಮುಖವನ್ನೇ ನೋಡಿದ.

"ಏನೇ, ನಿಜ ಹೇಳು. ಸಿಟ್ಟು ಹೋಯ್ತಾ?"

"ಅನ್ನ ಬಡಿಸ್ಲಾ?" ಎಂದಳು ಅವಳು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಜಾಗ ಕಳೆದುಕೊಂಡವರು ಅದನ್ನು ವಾಪಸ್ ಕೇಳಬಹುದು. ಆಗ ಇಬ್ಬರೇ ಎದುರುಬದುರು ಆಡಬೇಕು, ಗೆದ್ದವರಿಗೆ ಜಾಗ. ದರ್ಜಿ ಕೇಳಿದಳು. ಬರುವ ಭಾನುವಾರ ಮಧ್ಯಾಹ್ನ ಎಂದು ಕ್ಯಾಪ್ಟನ್ ಗೊತ್ತು ಮಾಡಿದಳು. ಬೇರೆ ಬೇರೆ ಮಹಡಿಯಲ್ಲಿ ಆಡಿದ್ದಕ್ಕೆ ಸೋತೆ ಎಂಬ ಮಾತೂ ಬರಬಾರದೆಂದು ದರ್ಜಿ ಮೇಲಿನ ಹಾಲಿನಲ್ಲೇ ಆಡೋಣ ಎಂದಳು. ಒಂದೇ ಕೋಣೆ, ಒಂದೇ ಡಬ್ಬಿ, ಒಂದೇ ಲೈನು. ಸೋಫಾದ ಈ ತುದಿಗೆ ಇವಳು, ಆ ತುದಿಗೆ ಅವಳು. ಅಣ್ಣತಮ್ಮಂದಿರು ನೆಲದ ಮೇಲೆ ಕೂತರು. ಅತ್ತೆ ಆರಾಮ ಕುರ್ಚಿಯಲ್ಲಿ, ಆಟ ಮುಗಿಯುವವರೆಗೆ ಹಾಲು ಕೇಳುವುದಿಲ್ಲವೆಂದು ಮಾತು ಕೊಟ್ಟು ಕೂತಿದ್ದರು.

ಶುರುವಾಗುವ ಮುಂಚೆ ದರ್ಜಿ ಇಯರ್‌ಫೋನಿನ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು. ತಂಡಕ್ಕೆ ಕೇಳಬೇಕು, ಮನೆಗೂ ಕೇಳಬೇಕು.

"ನೋಡಮ್ಮಾ, ಎಲ್ಲರೆದುರಿಗೆ ಕೇಳ್ತಿದೀನಿ. ನಿನ್ನ ಲೈನ್ ಸರಿ ಇದೆ ತಾನೇ?"

"ಫಸ್ಟ್ ಕ್ಲಾಸ್ ಇದೆ ಅಕ್ಕ. ನೀವೇ ಸರಿ ಮಾಡಿದ್ದಲ್ವಾ?"

"ಅಂಕಿ ಎಷ್ಟಿದೆ, ಕ್ಯಾಪ್ಟನ್‌ಗೆ ಓದಿ ಹೇಳಿಬಿಡು."

ವಾರಗಿತ್ತಿ ಓದಿ ಹೇಳಿದಳು. ನಗುತ್ತಲೇ ಹೇಳಿದಳು. ಇಬ್ಬರ ಅಂಕಿಯೂ ಒಂದೇ. ನೆಪದ ಬಾಗಿಲುಗಳೆಲ್ಲ ಮುಚ್ಚಿಕೊಂಡವೆಂದು ದರ್ಜಿಗೊಬ್ಬಳಿಗೇ ಗೊತ್ತಿತ್ತು.

ಆಟ ಸುಲಭವಾಗಿ ಏನೂ ಆಗಲಿಲ್ಲ. ವಾರಗಿತ್ತಿಯ ಬೆರಳುಗಳು ಟಿಕೆಟ್ ಹರಿದು ಹರಿದು ಪಳಗಿದವು. ಕಾರ್ಖಾನೆಯಲ್ಲಿ ಅವಳು ಇಲ್ಲಿದ್ದಾಳೆ ಎನ್ನುವಷ್ಟರಲ್ಲಿ ಅಲ್ಲಿರುತ್ತಿದ್ದಳು. ದರ್ಜಿ ಬಿದ್ದಳು, ಎದ್ದಳು, ಬೀಳಿಸಿದಳು, ಮತ್ತೆ ಬಿದ್ದಳು. ಇನ್ನೊಂದು ಸಲ ಬಿದ್ದವರು ಸೋತಂತೆ ಎನ್ನುವಾಗ ಇಬ್ಬರದೂ ಸಮ ಆಗಿತ್ತು. ಈಗ ಸೋತರೆ ತನಗೂ ಹೇಳಿಕೊಳ್ಳಲು ಏನೂ ಇಲ್ಲ ಎಂಬುದು ಆಗ ದರ್ಜಿಗೆ ಹೊಳೆಯಿತು. ಅವಳು ಮುಚ್ಚಿದ ಬಾಗಿಲುಗಳು ಅವಳಿಗೂ ಮುಚ್ಚಿದ್ದವು. ಸೋತರೆ ನಿಧಾನಿ ಎನ್ನುವುದು ಬರೀ ಹೆಸರಲ್ಲ, ನಿಜ.

ಅವಳು ಒಂದು ಮುರಿದ ಕಿಟಕಿಯ ಹಿಂದೆ ಕೂತಳು. ಎದುರಿನ ಬಾಗಿಲ ಸಂದಿಗೆ ಗುರಿ ಇಟ್ಟಳು. ಮತ್ತೆ ಕದಲಲಿಲ್ಲ.

"ಅತ್ತಿಗೆ, ಏನಾಯ್ತು? ಸಿಕ್ಕಿಹಾಕ್ಕೊಂಡ್ತಾ?" ಎಂದ ಮೈದುನ.

"ನಿದ್ದೆ ಮಾಡಿರ್ತಾಳೆ, ನಿಧಾನಿ" ಎಂದರು ಅತ್ತೆ.

ವಾರಗಿತ್ತಿ ಕೋಣೆಯಿಂದ ಕೋಣೆಗೆ, ಮೂಲೆಯಿಂದ ಮೂಲೆಗೆ ಓಡಿ ಹುಡುಕಿದಳು. ಹುಡುಕಿ ಹುಡುಕಿ ತಾಳ್ಮೆ ಕೆಟ್ಟಿತು. ದರ್ಜಿ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ಕಾದಳು. ದಿಂಬಿನ ಗವುಸಿನ ದಿನ ಕೂತ ಹಾಗೆ ಕೂತಳು. ಕೊನೆಗೆ ಬಾಗಿಲ ಸಂದಿಯಲ್ಲಿ ಒಂದು ಹೆಗಲು ಕಂಡಿತು. ದಾರ ಸೂಜಿಯ ಕಣ್ಣಿನೊಳಗೆ ಹೋಯಿತು.

ವಾರಗಿತ್ತಿ ತನ್ನ ಪರದೆಯನ್ನು ನೋಡಿದಳು. ಬಾಯಿ ತೆರೆಯಿತು, "ಲೈ..." ಎನ್ನುವವರೆಗೂ ಬಂತು. ಕಣ್ಣು ಶೆಲ್ಫಿನ ಮೇಲಿನ ಡಬ್ಬಿಯತ್ತ ಹೋಯಿತು. ಹಸಿರು ದೀಪಗಳು ಒಂದೂ ಮಿಟುಕದೆ ಉರಿಯುತ್ತಿದ್ದವು. ಅಡುಗೆಮನೆಯ ಕಡೆ ನೋಡಿದಳು, ಮೈಕ್ರೋವೇವ್ ತಣ್ಣಗಿತ್ತು. ಪರದೆಯ ಮೂಲೆಯ ಅಂಕಿ ನೋಡಿದಳು, ಅವಳೇ ಓದಿ ಹೇಳಿದ ಅಂಕಿ. ಬಾಯಿ ಮುಚ್ಚಿತು. ಆಮೇಲೆ ಅವಳು ಅಕ್ಕನ ಕಡೆ ತಿರುಗಿದಳು. ಇಷ್ಟೆಲ್ಲ ಯಾಕೆ ಮಾಡಿದಳು ಎನ್ನುವುದು ಅವಳಿಗೆ ಆಗ ಅರ್ಥವಾದದ್ದು ಮುಖದ ಮೇಲೆ ಸ್ಪಷ್ಟವಾಗಿ ಕಂಡಿತು.

"ನಾನೇ ನಿಧಾನ ಆದೆ ಮೇಡಂ" ಎಂದಳು ಮೈಕಿಗೆ, ಸಣ್ಣ ದನಿಯಲ್ಲಿ.

ತಂಡ ನಕ್ಕಿತು. ಮೈದುನ ನಕ್ಕ. ಅತ್ತೆ ಆರಾಮ ಕುರ್ಚಿಯಿಂದ ಕೈ ತಟ್ಟಿದರು. "ಇನ್ಮೇಲೆ ಇವಳೇ ಕಣ್ರೋ ನಿಧಾನಿ!"

ದರ್ಜಿಗೆ ಎಷ್ಟು ಸಂತೋಷವಾಯಿತೆಂದರೆ ಕಿವಿ ಬಿಸಿಯಾದವು. ಇಷ್ಟು ವರ್ಷ ಹೊತ್ತದ್ದು ಹೆಗಲಿಂದ ಇಳಿದು, ಸೋಫಾದ ಆ ತುದಿಗೆ ಹೋಗಿ ಕೂತಿತ್ತು. ಹಾಗೆ ಕರೀಬೇಡಿ ಅತ್ತೆ ಎಂದು ಅವಳು ಒಂದು ಮಾತು ಹೇಳಬಹುದಿತ್ತು. ಆ ಹೆಸರು ಹೇಗೆ ಉರಿಯುತ್ತದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಾತು ನಾಲಗೆಯ ತುದಿಯವರೆಗೂ ಬಂತು. ಅವಳು ಅದನ್ನು ನುಂಗಿಕೊಂಡು, ಎಲ್ಲರ ಜೊತೆ ನಕ್ಕಳು.

ಮರುದಿನ ಮಧ್ಯಾಹ್ನ ವಾರಗಿತ್ತಿ ಕೆಲಸದಿಂದ ಬಂದವಳು ಅಂಗಡಿಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ತಣ್ಣಗಿತ್ತು.

"ಅಕ್ಕಾ, ಮೇಲಿನ ಲೈನ್ ಹಾಗೇ ಇರ್ಲಿ. ಏನೂ ಬದಲಾಯಿಸ್ಬೇಡಿ."

"ಯಾಕೆ ಬದಲಾಯಿಸ್ಲಿ?"

"ದಿನಾ ಅಭ್ಯಾಸ ಮಾಡ್ಬೇಕು ನಾನು. ಜಾಗ ವಾಪಸ್ ಕೇಳೋ ಪದ್ಧತಿ ನಂಗೂ ಇದೆ ತಾನೇ?"

ಆ ಮುಖ ದರ್ಜಿಗೆ ಪರಿಚಯದ್ದೇ. ಕನ್ನಡಿಯನ್ನು ಎದುರು ಗೋಡೆಗೆ ಹಾಕಿದ ದಿನ ಅದರಲ್ಲಿ ಕಂಡದ್ದು ಇದೇ ಮುಖ. ವಾರಗಿತ್ತಿ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು, ಅವಸರವೇ ಇಲ್ಲದೆ. ಮೇಲೆ ಸೋಫಾ ಕಿರುಗುಟ್ಟಿತು, ಆಟ ಶುರುವಾದ ಸದ್ದು ಕೇಳಿಸಿತು. ದರ್ಜಿ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು ತನ್ನ ಫೋನನ್ನು ಎತ್ತಿಕೊಂಡಳು. ವೇಗದ ಗೆರೆ ಇನ್ನೂ ಅಲ್ಲೇ ಇತ್ತು, ಬೆರಳ ತುದಿಯಲ್ಲಿ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದನ್ನು ಮುಚ್ಚಿ, ಆಟ ತೆರೆದು, ಅಭ್ಯಾಸಕ್ಕೆ ಕೂತಳು.